ನೀರು ತಾಗದ ಬೆನ್ನು

ಮನುಷ್ಯ ನೆಟ್ಟಗೆ ನಿಲ್ಲಲು ಕಲಿತದ್ದು ನೀರಿನಲ್ಲಿ ಎಂದು ನೆರಿಸ್ ನಂಬಿದ್ದಳು. ವೇಲ್ಸ್‌ನ ಆ ಕಲ್ಲಿದ್ದಲು ಕಣಿವೆಯಲ್ಲಿ, ಗಣಿಯವರ ಸಂಘದ ಬಯಲು ಈಜುಕೊಳದಲ್ಲಿ, ಇಪ್ಪತ್ತು ವರ್ಷದಿಂದ ಅವಳು ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ನಮ್ಮ ಪೂರ್ವಿಕರು ಲಕ್ಷಾಂತರ ವರ್ಷ ಕಡಲಂಚಿನ ನೀರಲ್ಲಿ ಚಿಪ್ಪು ಹುಡುಕುತ್ತ ಓಡಾಡಿದರು, ಮೈಯ ರೋಮ ಉದುರಿತು, ಎರಡು ಕಾಲಿನ ಮೇಲೆ ನಿಂತರು ಎಂದು ರೇಡಿಯೊದಲ್ಲಿ ಕೇಳಿದಂದಿನಿಂದ ಅವಳಿಗೆ ಅದೇ ಧ್ಯಾನ. ಪಂಡಿತರು ಒಪ್ಪುವುದಿಲ್ಲವಂತೆ. ಪಂಡಿತರು ಯಾವತ್ತಾದರೂ ಎಳೆಗೂಸನ್ನು ನೀರಿಗೆ ಬಿಟ್ಟು ಅದರ ಮುಖ ನೋಡಿದ್ದಾರೆಯೇ?

ಮನೆಯಲ್ಲಿ ಮಾತ್ರ ಇದೆಲ್ಲ ಕೋಣನ ಮುಂದೆ ಕಿನ್ನರಿ. ಅಪ್ಪ ಎಮ್ಲಿನ್, ಗಣಿಯ ಚಾವಣಿ ಕುಸಿದು ನಡು ಬಾಗಿದ ಮೇಲೆ ಎಂಟು ವರ್ಷದಿಂದ ನೆಲ ನೋಡುತ್ತಲೇ ನಡೆಯುವವನು. ನೀರಲ್ಲಿ ನಿಂತರೆ ಬೆನ್ನು ಸಡಿಲಾದೀತೆಂದು ಡಾಕ್ಟರೂ ಹೇಳಿದ್ದರು. ಆದರೆ ಬೆನ್ನು ತೊಳೆದರೆ ಬಲ ಹೋಗುತ್ತದೆ ಎಂಬುದು ಹಳೆಯ ಗಣಿಯವರ ನಂಬಿಕೆ. ಒಲೆಯ ಮುಂದೆ ತಗಡಿನ ತೊಟ್ಟಿಯಲ್ಲಿ ಕೂತು ಮೈಯೆಲ್ಲ ಉಜ್ಜಿಕೊಂಡರೂ ಬೆನ್ನಿಗೆ ಮಾತ್ರ ಒಣಬಟ್ಟೆಯೇ.

"ನಿನ್ನ ಮಂಗಗಳು ಈಜಿದ್ರೆ ಈಜ್ಲಿ ಕಣೇ. ನಮ್ದು ಹೆಗ್ಗಣದ ವಂಶ, ನೆಲದಡಿಯಿಂದ ಬಂದಿದ್ದು."

"ಹೆಗ್ಗಣಾನೂ ಈಜುತ್ತೆ ಅಪ್ಪಾ."

"ನಾನಿನ್ನು ನೆಟ್ಟಗಾಗೋದು ಶವಪೆಟ್ಟಿಗೇಲೇ. ಬಿಡು."

ಅದಕ್ಕೆ ಅವಳು ಅತ್ತುಬಿಟ್ಟಳು. ಮುದುಕ ಕಂಗಾಲಾದ. "ಆಯ್ತು ಮಾರಾಯ್ತಿ, ಒಂದೇ ಸಲ. ಅದೂ ಯಾರೂ ಇಲ್ದಾಗ."

ಭಾನುವಾರ ಊರೆಲ್ಲ ಚಾಪೆಲ್‌ನ ಪ್ರಾರ್ಥನೆಯಲ್ಲಿ ಹಾಡುತ್ತಿತ್ತು. ಕೊಳದ ಮೇಲೆ ಬೆಳಕು ತೂಕಡಿಸುತ್ತಿತ್ತು. ನೆರಿಸ್ ಅವನ ಎರಡೂ ಕೈ ಹಿಡಿದು, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಇಳಿಸಿದಳು. ಮೊಣಕಾಲಿಗೆ ನೀರು ಬಂದಾಗ ಬೈದ. ಸೊಂಟಕ್ಕೆ ಬಂದಾಗ ಉಸಿರು ಬಿಗಿಹಿಡಿದು ನಿಂತುಬಿಟ್ಟ. ಇನ್ನೊಂದು ಹೆಜ್ಜೆ ಎಂದಳು. ಜನ್ಮದಲ್ಲಿ ಮೊದಲ ಸಲ ಅವನ ಬೆನ್ನಿಗೆ ನೀರು ತಾಗಿತು.

ಬಲವೇನೂ ಹೋಗಲಿಲ್ಲ, ಭಾರ ಹೋಯಿತು. ಹಾಡು ಮುಗಿದು ಇನ್ನೊಂದು ಶುರುವಾಗುವಷ್ಟು ಹೊತ್ತು ಹಿಡಿಯಿತು. ಬೆನ್ನಿನ ಒಂದೊಂದೇ ಗೆಣ್ಣು ಬಿಚ್ಚಿಕೊಂಡು ಎಮ್ಲಿನ್ ನೆಟ್ಟಗಾದ. ಎಂಥದೋ ಹಳೆಯ ಕಡಲಿನಿಂದ ಎದ್ದವನ ಹಾಗೆ ಕಣ್ಣು ಕಿರಿದು ಮಾಡಿ ಆಕಾಶ ನೋಡಿದ, ಗುಡ್ಡ ನೋಡಿದ. ಆಮೇಲೆ ತಲೆ ತಗ್ಗಿಸಿ ಮಗಳನ್ನು ನೋಡಿದ. ಅಪ್ಪ ತನಗಿಂತ ಇಷ್ಟು ಎತ್ತರವೆಂಬುದೇ ನೆರಿಸ್‌ಗೆ ಮರೆತುಹೋಗಿತ್ತು.

"ಮಗಳೇ," ಎಂದ ಮೆಲ್ಲಗೆ, "ನಿನ್ನ ನೆತ್ತಿ ಪೂರ್ತಿ ನರೆತಿದೆಯಲ್ಲೇ. ಯಾವಾಗಿಂದ?"

ನೆರಿಸ್ ಬೊಗಸೆಯಲ್ಲಿ ನೀರೆತ್ತಿ, ಇನ್ನೂ ನೆನೆಯದ ಅವನ ಹೆಗಲ ಹಿಂದಕ್ಕೆ ಸುರಿದಳು. ಅವನು ಬೇಡವೆನ್ನಲಿಲ್ಲ.