ನಾನು ಕೂತಿದ್ದ ಜಾಗ

ಇದನ್ನು ಬರೆಯಲು ಎರಡು ವರ್ಷ ಹಿಂದೆಮುಂದೆ ನೋಡಿದೆ. ಅಂಜನಾಪುರದ ಹಿನ್ನೀರಿನ ದಡದಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ ಮೊದಲ ಸಲ ಗಾಳ ಹಿಡಿದು ಕೂತಿದ್ದೆ. ಬಿದಿರಿನ ಗಾಳದ ಕೋಲು ಹಿಡಿದ ಹೆಂಗಸೊಬ್ಬರು ಬಂದು, "ಅಜ್ಜಾರೆ, ಸ್ವಲ್ಪ ಆಚೆ ಕೂರ್ತೀರಾ?" ಎಂದರು.

"ನೀರೇನು ನಿಮ್ಮಪ್ಪನ ಮನೇದಾ? ಮೊದಲು ಬಂದವನು ನಾನು" ಎಂದು ಗದರಿದೆ.

ಆಕೆ ದೂರ ಹೋಗಿ ಕೂತರು. ಎಷ್ಟು ಹೊತ್ತಾದರೂ ನನಗೆ ಒಂದು ಮೀನೂ ಬೀಳದ್ದನ್ನು ನೋಡಿ ತಾವೇ ಎದ್ದು ಬಂದರು. "ಬೆಂಡು ಗಾಳದ ಹತ್ರಾನೇ ಕಟ್ಟೀರಲ್ಲ, ಮೀನು ನಿಮ್ಮನ್ನ ನೋಡಾಕೆ ಮ್ಯಾಲೆ ಬರ್ಬೇಕೇನ್ರೀ?" ಎಂದು ನಗುತ್ತಾ, ಗಾಳ ಆಳಕ್ಕಿಳಿಯುವಂತೆ, ತೇಲುವ ಬೆಂಡನ್ನು ದಾರದಲ್ಲಿ ಎರಡು ಮೊಳ ಮೇಲಕ್ಕೆ ಸರಿಸಿದರು. ಎರೆಹುಳುವನ್ನು ಗಾಳದ ಉದ್ದಕ್ಕೂ ಹೂವಿನಂತೆ ಪೋಣಿಸಿದರು. "ಬೆಂಡು ನಡುಗಿದ್ರೆ ಸುಮ್ನಿರ್ರಿ. ಮುಳುಗಿದ್ರೆ ಮಾತ್ರ ಎಳೀರಿ."

ಹಾಗೇ ಮಾಡಿದೆ. ಮಧ್ಯಾಹ್ನದೊಳಗೆ ಐದು ಮೀನು ಸಿಕ್ಕವು. ಆಕೆ ಬರಿಗೈಯಲ್ಲಿ ಎದ್ದು ಹೋದರು.

ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದವನು ಆಮೇಲೆ ಹೇಳಿದ: "ಮೂರು ದಿನದಿಂದ ನೀವು ಕೂತಲ್ಲಿ ತೌಡಿನ ಉಂಡೆ ಹಾಕಿ ಮೀನು ಕೂಡಿಸಿದ್ದು ಆಯಮ್ಮ. ತೌಡು ಹಾಕಿದೋರ ಜಾಗದಾಗೆ ಇಲ್ಲಿ ಯಾರೂ ಕೂರಂಗಿಲ್ರೀ."

ಈಗ ನನಗೆ ಗಾಳ ಹಾಕಲು ಚೆನ್ನಾಗಿ ಬರುತ್ತದೆ. ಅಷ್ಟೂ ಆಕೆ ಕಲಿಸಿದ್ದು. ಶಿರಾಳಕೊಪ್ಪದ ಸಂತೆಯಲ್ಲಿ ಎರಡು ಸಲ ಎದುರಾದಾಗಲೂ "ಮೀನು ಬೀಳ್ತಾವಾ ಅಜ್ಜಾರೆ?" ಎಂದು ನಗುತ್ತಲೇ ಕೇಳಿದರು. ತಪ್ಪಾಯಿತು ಎನ್ನಲು ಎರಡು ಸಲವೂ ನನಗೆ ಬಾಯಿ ಬರಲಿಲ್ಲ. ಆಕೆಯ ಹೆಸರು ಹಾಲಮ್ಮ.