ಡಿಸ್ಚಾರ್ಜ್ ಆದವರ ಕಾರು

ರಿಪೇರಿ ಮುಗಿದ ಮೇಲೆ ಬೇರೆಯವರೆಲ್ಲ ಸ್ಟಿಯರಿಂಗ್ ಹಿಡಿದು ಕಾರು ಓಡಿಸಿ ನೋಡುತ್ತಾರೆ. ನಾಗರತ್ನ ಸಿಸ್ಟರ್ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿ ನೋಡುತ್ತಿದ್ದರು. ಚಪ್ಪಲಿ ಕೆಳಗೆ ಬಿಟ್ಟು, ಸೆರಗು ಸರಿಮಾಡಿಕೊಂಡು, ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು, ಕಣ್ಣು ಮುಚ್ಚಿ, "ಹೂಂ, ಬಿಡು ಮೌಲಾ" ಅನ್ನುತ್ತಿದ್ದರು. ನಾನು ಹೊನ್ನಾಳಿಯ ನನ್ನ ಗ್ಯಾರೇಜಿನಿಂದ ಹೊಳೆಯ ಕಡೆಗೆ ಇಳಿಯುವ ಕಿತ್ತುಹೋದ ರಸ್ತೆಯಲ್ಲಿ ಕಾರನ್ನು ಬಿಡುತ್ತಿದ್ದೆ. ಹಿಂದಿನಿಂದ ಉಸಿರೂ ಕೇಳಿಸುತ್ತಿರಲಿಲ್ಲ. ಎಲ್ಲೋ ಒಂದು ಕಡೆ, "ಇದು ಬಂತು ನೋಡು, ಎಡಗಡೇದು" ಅಂದರೆ ಗಾಡಿ ಮತ್ತೆ ಗ್ಯಾರೇಜಿಗೆ. ಅವರು ಎದ್ದು ಕೂತು, "ಆಯ್ತು, ನಾಳೆ ಹೋಗಬಹುದು" ಅಂದಾಗ ಮಾತ್ರ ನನ್ನ ಕೆಲಸ ಮುಗಿದ ಹಾಗೆ.

ಅವರು ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನರ್ಸ್ ಆಗಿದ್ದವರು. ಹುಟ್ಟೂರು ಜಗಳೂರು ತಾಲ್ಲೂಕಿನ ಸೊಕ್ಕೆ. ಕೊನೆಯ ವರ್ಷಗಳ ಕೆಲಸ ಹೊನ್ನಾಳಿಯಲ್ಲಾದ್ದರಿಂದ ನಿವೃತ್ತಿಯಾದ ಮೇಲೂ ಇಲ್ಲೇ ಒಂದು ಸಣ್ಣ ಬಾಡಿಗೆ ಮನೆಯಲ್ಲಿ ಉಳಿದರು. ಮದುವೆಯಾಗಿರಲಿಲ್ಲ. ನಿವೃತ್ತರಾದ ವರ್ಷವೇ ದಾವಣಗೆರೆಯ ಸಾಹುಕಾರರೊಬ್ಬರ ಮನೆಯಿಂದ ಹದಿನಾಲ್ಕು ವರ್ಷ ಹಳೆಯದಾದ, ಕಡುನೀಲಿ ಬಣ್ಣದ, ಉದ್ದನೆಯ ಜರ್ಮನ್ ಕಾರನ್ನು ಕೊಂಡು ತಂದರು. ಡ್ರೈವಿಂಗ್ ಕಲಿತದ್ದು ಆಮೇಲೆ. ಊರಿನವರು ನಕ್ಕರು. ನಾನೂ ನಕ್ಕೆ. ಟ್ರ್ಯಾಕ್ಟರ್ ಮೆಕ್ಯಾನಿಕ್ ಆಗಿದ್ದ ನಮ್ಮ ಅಬ್ಬಾ ಆ ಕಾರನ್ನು ಒಂದು ಸುತ್ತು ಹಾಕಿ ನೋಡಿ, "ಅಮ್ಮಾ, ಇದರ ಬದ್ಲು ಒಂದು ಆನೆ ಸಾಕಿದ್ರೆ ಆಗ್ತಿತ್ತು. ಅದಾದ್ರೂ ಸೊಪ್ಪು ತಿಂತೈತೆ" ಅಂದರು. ಸಿಸ್ಟರ್ ಕೋಪಿಸಿಕೊಳ್ಳಲಿಲ್ಲ. "ಆನೆ ಮೇಲೆ ಮಲಗಾಕೆ ಬರಲ್ಲ ಸಾಬ್ರೆ" ಅಂದರು.

ಆ ಮಾತಿನ ಅರ್ಥ ನಮಗೆ ತಿಂಗಳುಗಟ್ಟಲೆ ತಿಳಿಯಲಿಲ್ಲ.

ಹಳೆಯ ದೊಡ್ಡ ಕಾರನ್ನು ಇಟ್ಟುಕೊಳ್ಳುವುದೆಂದರೆ ಏನೆಂದು ಇಟ್ಟುಕೊಂಡವರಿಗೇ ಗೊತ್ತು. ಹೊಸ ಕಾರು ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತದೆ. ಇದು ಎಲ್ಲ ದೀಪಗಳನ್ನೂ ಒಟ್ಟಿಗೆ ಹೊತ್ತಿಸಿ ಸುಮ್ಮನಾಗುತ್ತಿತ್ತು. ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಖಾಲಿ. ಎರಡು ಸಲ ಇಲಿಗಳು ಒಳಗಿನ ವೈರು ತಿಂದವು. ಒಂದು ರಬ್ಬರ್ ಪೈಪು ಬೇಕಾದರೂ ಬೆಂಗಳೂರಿಗೆ ಫೋನು ಮಾಡಿ, ಫೋಟೋ ಕಳಿಸಿ, ಬಸ್ಸಿನ ಕಂಡಕ್ಟರ ಕೈಯಲ್ಲಿ ತರಿಸಬೇಕು. ಎಲ್ಲಕ್ಕಿಂತ ದೊಡ್ಡ ಕಷ್ಟ ಅದರ ಸಸ್ಪೆನ್ಷನ್‌ದು. ಆ ಕಾರಿಗೆ ಉಕ್ಕಿನ ಸ್ಪ್ರಿಂಗುಗಳಿರಲಿಲ್ಲ. ಅವುಗಳ ಜಾಗದಲ್ಲಿ ಗಾಳಿ ತುಂಬಿದ ದಪ್ಪ ರಬ್ಬರ್ ಚೀಲಗಳಿದ್ದವು. ಇಡೀ ಕಾರು ಗಾಳಿಯ ಮೇಲೆ ತೇಲಿದಂತೆ ಹೋಗುತ್ತಿತ್ತು. ಚೀಲ ಹಳೆಯದಾದಾಗ ಗಾಳಿ ಸೋರಿ, ಬೆಳಗಾಗುವಷ್ಟರಲ್ಲಿ ಕಾರು ಎಮ್ಮೆಯ ಹಾಗೆ ನೆಲಕ್ಕೆ ಕೂತಿರುತ್ತಿತ್ತು. ಸಿಸ್ಟರ್ ಎಂಜಿನ್ ಶುರು ಮಾಡಿ, ಗಾಳಿ ತುಂಬಿ ಅದು ಮೆಲ್ಲಗೆ ಮೇಲೇಳುವ ತನಕ ಪಕ್ಕದಲ್ಲಿ ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದರು. ಯಾರಾದರೂ ಕೇಳಿದರೆ, "ಸಾಹುಕಾರ್ರು ಇನ್ನೂ ಏಳ್ತಾ ಅವ್ರೆ" ಅನ್ನುತ್ತಿದ್ದರು. ಇನ್ನೊಂದು ಮಾತೂ ಅವರದೇ: "ಸಾಹುಕಾರ ಬಡವ ಆಗಬಹುದು ಮೌಲಾ, ಅವನ ಖರ್ಚು ಬಡವಾಗಲ್ಲ."

ಆದರೆ ಒಳಗೆ ಕೂತು ಬಾಗಿಲು ಹಾಕಿಕೊಂಡರೆ ಹೊರಗಿನ ಸದ್ದು ಎಲ್ಲೋ ದೂರದ ಊರಿನದಾಗಿಬಿಡುತ್ತಿತ್ತು. ಹಾಲಿನ ಬಣ್ಣದ ಚರ್ಮದ ಸೀಟು ಅಲ್ಲಲ್ಲಿ ಬಿರಿದಿತ್ತು. ಅದಕ್ಕೆ ಸಿಸ್ಟರ್ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಬೇಡವೆಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ಮುದುಕಿ ಚರ್ಮಕ್ಕೆ ಏನು ಹಚ್ಚಬೇಕು ಅಂತ ನಂಗೆ ಗೊತ್ತೈತೆ" ಅಂದರು.

ಆ ಕಾರು ಏಕೆ ಬೇಕಿತ್ತು ಎಂಬುದನ್ನು ಅವರು ಒಮ್ಮೆ ಮಾತ್ರ ಹೇಳಿದರು. ಗ್ಯಾರೇಜಿನ ಮುಂದಿನ ಬೆಂಚಿನ ಮೇಲೆ ಕೂತು, ಕಾರಿನ ಕಡೆ ನೋಡುತ್ತಾ ಹೇಳಿದರು. ನೌಕರಿಗೆ ಸೇರಿದ ಹೊಸದರಲ್ಲಿ, ಹೊಟ್ಟೆಯ ಆಪರೇಷನ್ ಆದ ಹೆಂಗಸೊಬ್ಬಳನ್ನು ವಾರದ ಮೇಲೆ ಮನೆಗೆ ಕಳಿಸಿದರಂತೆ. ಇಪ್ಪತ್ತೈದರ ಹುಡುಗಿ. ಬಸ್ಸು ಇಳಿದು ಊರಿಗೆ ಹೋಗಲು ಅವಳ ಗಂಡ ಟ್ರ್ಯಾಕ್ಟರ್ ತಂದಿದ್ದ. ಅದೇ ಬಸ್ಸಿನಲ್ಲಿ ತಮ್ಮ ಊರಿಗೆ ಹೊರಟಿದ್ದ ಸಿಸ್ಟರ್ ತಾವೇ ಅವಳ ಕೈಹಿಡಿದು ಟ್ರೇಲರಿಗೆ ಹತ್ತಿಸಿ, ಹುಲ್ಲು ಹಾಸಿ ಕೂರಿಸಿದರು. ಐದಾರು ಮೈಲಿ ಕಲ್ಲುದಾರಿ. ಮನೆ ಮುಟ್ಟುವುದರೊಳಗೆ ಹೊಲಿಗೆ ಬಿಚ್ಚಿತ್ತು. ಮತ್ತೆ ಆಸ್ಪತ್ರೆಗೆ ತರುವಷ್ಟರಲ್ಲಿ ಅವಳಿರಲಿಲ್ಲ.

"ಆಸ್ಪತ್ರೆಗೆ ಬರಾಕೆ ಗಾಡಿ ಸಿಗ್ತೈತೆ ಮೌಲಾ. ಅಳ್ತಾ ಕರ್ಕೊಂಡು ಬರ್ತಾರೆ, ಸಾಲ ಮಾಡಿ ಕರ್ಕೊಂಡು ಬರ್ತಾರೆ. ವಾಪಸ್ ಹೋಗೋವಾಗ ಎಲ್ರೂ ಹುಷಾರಾದ್ರು ಅಂತ ಬಸ್ ಹತ್ತಿಸ್ತಾರೆ. ಹುಷಾರಾಗಿರೋದು ಹೊರಗಿನ ಚರ್ಮ ಅಷ್ಟೆ." ಆಮೇಲೆ, "ಹುಲ್ಲು ಹಾಸಿದ್ದೆ. ಅದೊಂದು ಮಾಡಿದ್ದೆ" ಅಂದರು.

ಹೀಗೆ ಅವರ ಕಾರು ದಾವಣಗೆರೆಯ ಆಸ್ಪತ್ರೆಗಳಿಂದ ಡಿಸ್ಚಾರ್ಜ್ ಆದವರನ್ನು ಚನ್ನಗಿರಿ, ನ್ಯಾಮತಿ, ಜಗಳೂರಿನ ಹಳ್ಳಿಗಳಿಗೆ ಮುಟ್ಟಿಸುತ್ತಿತ್ತು. ವಾರಕ್ಕೆ ಎರಡು ಸಲ, ಕೆಲವೊಮ್ಮೆ ಮೂರು. ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಮೂವತ್ತರ ಮೇಲೆ ಓಡಿಸುತ್ತಿರಲಿಲ್ಲ. ಹಿಂದಿನಿಂದ ಲಾರಿಯವರು ಹಾರನ್ ಹೊಡೆದು ಹೊಡೆದು ಬೈದುಕೊಂಡು ಮುಂದೆ ಹೋಗುತ್ತಿದ್ದರು. ಯಾವ ಊರಿನ ಮುಂದೆ ಎಷ್ಟು ಹಂಪು, ಯಾವ ಸೇತುವೆಯ ಕೂಡುಜಾಗದಲ್ಲಿ ಕುಲುಕುತ್ತದೆ, ಎಲ್ಲಾ ಬಾಯಿಪಾಠವಾಗಿತ್ತು ಅವರಿಗೆ.

ನಾನು ಅವರಿಗೆ ಒಂದು ಮೋಸ ಮಾಡಿದೆ. ಮೋಸವೆಂದು ಮಾಡಿದ್ದಲ್ಲ. ಹಿಂದಿನ ಎರಡು ಗಾಳಿಚೀಲಗಳೂ ಒಟ್ಟಿಗೆ ಹರಿದವು, ಎಲ್ಲಿ ಕೇಳಿದರೂ ಸಿಗಲಿಲ್ಲ. ನಾನು ಅವರಿಗೆ ಹೇಳದೆ ಬೇರೆ ಗಾಡಿಯ ಉಕ್ಕಿನ ಸ್ಪ್ರಿಂಗುಗಳನ್ನು ಅಳತೆ ಮಾಡಿ ಕೂರಿಸಿದೆ. ಇನ್ನು ಸೋರುವುದಿಲ್ಲ, ಕೂರುವುದಿಲ್ಲ, ಒಂದು ತಲೆನೋವು ತಪ್ಪಿತು ಅಂದುಕೊಂಡೆ. ಆ ದಿನ ಅವರಿಗೆ ಅವಸರವಿತ್ತು. ಮಲಗಿ ನೋಡದೆ ಹೊರಟುಬಿಟ್ಟರು. ಬೆನ್ನಿನ ಆಪರೇಷನ್ ಆದ ಗೋವಿನಕೋವಿಯ ರೈತರೊಬ್ಬರನ್ನು ಊರಿಗೆ ಬಿಟ್ಟುಬರುವುದಿತ್ತು.

ಮರುದಿನ ಬೆಳಿಗ್ಗೆ ಕಾರು ತಂದು ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಹಿಂದಿನ ಬಾಗಿಲು ತೆಗೆದು, "ಮಲಗು" ಅಂದರು. ಕೈಯೆಲ್ಲ ಗ್ರೀಸು ಅಂದೆ. "ಇರಲಿ, ಮಲಗು." ಮಲಗಿದೆ. ನ್ಯಾಮತಿಯ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದರು. ನನ್ನ ಬೆನ್ನು ಗಟ್ಟಿಯಿತ್ತು. ಆದರೂ ಒಂದೊಂದು ಹಂಪೂ ಬಂದು ಬೆನ್ನುಹುರಿಗೆ ಬಡಿಯಿತು. ರಸ್ತೆಯ ಪಕ್ಕ ನಿಲ್ಲಿಸಿ, ನನ್ನ ಕಡೆ ತಿರುಗದೆಯೇ ಹೇಳಿದರು: "ಆ ಮನುಷ್ಯ ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ ಮೌಲಾ. ಪುಕ್ಕಟೆ ಕರ್ಕೊಂಡು ಹೋಗ್ತಾ ಅವ್ರೆ, ಹೆಂಗೆ ಅಳೋದು ಅಂತ ಟವೆಲ್ ಕಚ್ಕೊಂಡಿದ್ದ. ನಾನು ಕನ್ನಡೀಲಿ ನೋಡ್ದೆ. ನೀನು ಕಾರು ರಿಪೇರಿ ಮಾಡಿದೀಯ, ನನ್ನ ಕೆಲಸ ಕೆಡಿಸಿದೀಯ."

ನಾನು ಅಂದೇ ಬೆಂಗಳೂರಿನ ಬಸ್ಸು ಹತ್ತಿದೆ. ಎರಡು ದಿನ ಗುಜರಿ ಅಂಗಡಿಗಳನ್ನು ಅಲೆದು, ಅಪಘಾತವಾಗಿ ಮೂತಿ ನುಜ್ಜಾದ ಅಂಥದೇ ಕಾರೊಂದರ ಹಿಂಬದಿಯಿಂದ ಚೀಲಗಳನ್ನು ಬಿಚ್ಚಿಸಿ, ಮಗುವನ್ನು ಎತ್ತಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದೆ. ಕೂರಿಸಿದ ಮೇಲೆ ಸಿಸ್ಟರ್ ಮಲಗಿ ನೋಡಿದರು. ಆಮೇಲೆ ಗೋವಿನಕೋವಿಗೆ ಹೋಗಿ ಆ ರೈತರ ಕ್ಷಮೆ ಕೇಳಿ ಬಂದರು, ನನ್ನ ಹೆಸರು ಹೇಳದೆ.

ಮುಂದಿನ ವರ್ಷ ಅಬ್ಬಾನಿಗೆ ಗಂಟಲಿನಲ್ಲಿ ಕ್ಯಾನ್ಸರ್ ಎಂದಾಯಿತು. ದಾವಣಗೆರೆಯಲ್ಲಿ ತಿಂಗಳಿಟ್ಟುಕೊಂಡ ಡಾಕ್ಟರು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಸಿಸ್ಟರಿಗೆ ನಾನು ಹೇಳಿಯೂ ಇರಲಿಲ್ಲ. ವಾರ್ಡಿನವರು ಯಾರೋ ಹೇಳಿದರಂತೆ. ಬೆಳಿಗ್ಗೆ ಎಂಟಕ್ಕೇ ಆಸ್ಪತ್ರೆಯ ಮೆಟ್ಟಿಲ ಬಳಿ ಕಾರು ನಿಂತಿತ್ತು.

ಅಬ್ಬಾ ನೋವಿನಿಂದ ಎಷ್ಟೋ ದಿನ ನಿದ್ದೆ ಮಾಡಿರಲಿಲ್ಲ. ಹಿಂದಿನ ಸೀಟಿನಲ್ಲಿ ದಿಂಬು ಒತ್ತಿ ಮಲಗಿಸಿದೆವು. ಅವರ ತಲೆ ನನ್ನ ತೊಡೆಯ ಮೇಲೆ. ಮಾತಾಡಲು ಆಗುತ್ತಿರಲಿಲ್ಲ. ಕಾರಿನ ಚಾವಣಿಯನ್ನು, ಬಾಗಿಲಿನ ಮರದ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು, ಮೆಕ್ಯಾನಿಕ್ ನೋಡುವ ಹಾಗೆ. ಹರಿಹರ ದಾಟಿತು. ಮಲೇಬೆನ್ನೂರು ಬರುವ ಮೊದಲೇ ಅವರ ಬೆರಳು ನಿಂತವು. ನಾನು ಅವರ ಮೂಗಿನ ಹತ್ತಿರ ಕೈ ಒಯ್ದೆ. ಸಿಸ್ಟರ್ ಕನ್ನಡಿಯಲ್ಲಿ ನೋಡಿ, "ನಿದ್ದೆ ಬಂದೈತೆ. ಅಲ್ಲಾಡಬೇಡ" ಅಂದರು.

ಹೊನ್ನಾಳಿಯಲ್ಲಿ ಮನೆಯ ಮುಂದೆ ಬಂದಾಗ ನನ್ನ ಹೆಂಡತಿ, ಅಕ್ಕಪಕ್ಕದವರು ಓಡಿಬಂದರು. ಸಿಸ್ಟರ್ ಕೈಯೆತ್ತಿ ದೂರವೇ ನಿಲ್ಲಿಸಿದರು. ಎಂಜಿನ್ ಆರಿಸಲಿಲ್ಲ. ಆರಿಸಿದರೆ ತಂಪು ನಿಲ್ಲುತ್ತದೆ, ಸದ್ದು ಬದಲಾಗುತ್ತದೆ, ಎಚ್ಚರವಾಗುತ್ತದೆ ಎಂದು. ಏಪ್ರಿಲ್ ಬಿಸಿಲು. ಎರಡು ಗಂಟೆಯ ಹೊತ್ತು ಅವರು ಸ್ಟಿಯರಿಂಗಿನ ಹಿಂದೆ ನೆಟ್ಟಗೆ ಕೂತೇ ಇದ್ದರು. ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರುವುದನ್ನು ನಾನು ನೋಡುತ್ತಿದ್ದೆ. ಅವರೂ ನೋಡುತ್ತಿದ್ದರು. "ಕಾರು ಕೆಡ್ತೈತೆ ಸಿಸ್ಟರ್" ಎಂದು ಪಿಸುಗುಟ್ಟಿದೆ. "ಕೆಡಲಿ, ನೀನಿದೀಯಲ್ಲ" ಅಂದರು. ಅಬ್ಬಾ ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆಯನ್ನು ನನ್ನ ಹೆಂಡತಿ ಗಾಜಿಗೆ ಕಿವಿಯಿಟ್ಟು ಕೇಳಿ ಅತ್ತಳು. ಮೂರನೆಯ ದಿನ ಅಬ್ಬಾ ತೀರಿಕೊಂಡರು.

ಸಿಸ್ಟರಿಗೆ ಕಾಯಿಲೆಯೆಂದು ನನಗೆ ಗೊತ್ತಾದದ್ದು ತಡವಾಗಿ. ತೆಳ್ಳಗಾಗುತ್ತಿದ್ದರು. ಕೇಳಿದರೆ, "ಸಾಹುಕಾರ್ರ ಜೊತೆ ಸೇರಿ ನಂಗೂ ಗಾಳಿ ಸೋರ್ತಾ ಐತೆ" ಎಂದು ನಗಿಸುತ್ತಿದ್ದರು. ಹೋದ ವರ್ಷ ಜೋಳ ತೆನೆ ಬಿಡುವ ಹೊತ್ತಿಗೆ ದಾವಣಗೆರೆಯಿಂದ ಫೋನು ಮಾಡಿದರು: "ಮೌಲಾ, ಶೆಡ್ಡಿನ ಕೀಲಿ ಮನೆ ಮಾಲೀಕ್ರ ಹತ್ರ ಐತೆ. ಕಾರು ತಗೊಂಡು ಬಾ. ನನ್ನನ್ನ ಡಿಸ್ಚಾರ್ಜ್ ಮಾಡ್ತಾ ಅವ್ರೆ. ಸೊಕ್ಕೆಗೆ ಹೋಗೋಣ, ತಂಗಿ ಮನೆಗೆ."

ಹಿಂದಿನ ಬಾಗಿಲು ತೆಗೆದು ನಿಂತರೆ ಬೇಡವೆಂದು ತಲೆಯಾಡಿಸಿದರು. "ಮಲಗಿದ್ರೆ ಬರೀ ಆಕಾಶ ಕಾಣ್ತೈತೆ. ಮುಂದೆ ಕೂರ್ತೀನಿ." ಅವರ ತೂಕ ಒಂದು ಹೊರೆ ಹುಲ್ಲಿನಷ್ಟೂ ಇರಲಿಲ್ಲ. ಜಗಳೂರು ದಾಟಿದ ಮೇಲೆ ಎರಡೂ ಕಡೆ ಮೆಕ್ಕೆಜೋಳ, ಈರುಳ್ಳಿ ಹೊಲಗಳು. ಅವರು ಪ್ರತಿಯೊಂದನ್ನೂ ನೋಡುತ್ತಿದ್ದರು. ಒಂದು ಕಡೆ ದಾರಿ ಕವಲೊಡೆಯುವಲ್ಲಿ, "ಸ್ವಲ್ಪ ನಿಲ್ಸು" ಅಂದರು. ಬಲಗಡೆಗೆ ಒಂದು ಹಳ್ಳಿಯ ರಸ್ತೆ ಹೋಗುತ್ತಿತ್ತು. ಡಾಂಬರು ಹಾಕಿ ಚೆನ್ನಾಗಿತ್ತು.

"ಆ ಹುಡುಗೀನ ಟ್ರ್ಯಾಕ್ಟರ್ ಹತ್ತಿಸಿದ್ದು ಇಲ್ಲೇ" ಅಂದರು. "ಈಗ ನೋಡು, ರಸ್ತೆ ಹೆಂಗೈತೆ."

"ನೀವು ಎಷ್ಟು ಜನರನ್ನ ಮನೆ ಮುಟ್ಟಿಸಿದೀರಿ ಸಿಸ್ಟರ್" ಅಂದೆ.

"ಅವಳನ್ನ ಮುಟ್ಟಿಸಲಿಲ್ಲ" ಅಂದರು. ಆಮೇಲೆ, "ನಡಿ" ಅಂದರು.

ಅವರನ್ನು ತಂಗಿಯ ಮನೆಯಲ್ಲಿ ಮಲಗಿಸಿ ಹೊರಟಾಗ ನನ್ನ ಕೈ ಹಿಡಿದುಕೊಂಡರು. ಏನಾದರೂ ಹೇಳುತ್ತಾರೆಂದು ಕಾದೆ. ಅವರು ನನ್ನ ಕೈಯನ್ನು ತಿರುಗಿಸಿ, ಉಗುರಿನ ಸಂದಿಯ ಗ್ರೀಸನ್ನು ನೋಡಿ, ಬಿಟ್ಟರು. ಒಂಬತ್ತು ದಿನ ಇದ್ದರು. ಮಣ್ಣಿಗೆ ಹೋದ ದಿನ ಚನ್ನಗಿರಿಯಿಂದ, ನ್ಯಾಮತಿಯಿಂದ ಎಲ್ಲಾ ಬಂದಿದ್ದ ಜನ ಒಬ್ಬರಿಗೊಬ್ಬರು ಗುರುತಿಲ್ಲದೆ ಬೇವಿನ ಮರದ ಕೆಳಗೆ ಸುಮ್ಮನೆ ನಿಂತಿದ್ದರು. ಕೆಲವರು ಅಭ್ಯಾಸದಿಂದಲೋ ಏನೋ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದರು.

ಕಾರನ್ನು ತಂಗಿಯ ಮನೆಯವರು ಚನ್ನಗಿರಿಯ ಒಬ್ಬರಿಗೆ ಕೊಟ್ಟರು. ಅವರು ಅದನ್ನು ಮದುವೆ ಮೆರವಣಿಗೆಗೆ ಬಿಡುತ್ತಾರೆ. ಪದೇಪದೇ ಕೂರುತ್ತದೆಂದು ಗಾಳಿಚೀಲ ತೆಗೆದು ಸ್ಪ್ರಿಂಗು ಹಾಕಿಕೊಡು ಎಂದು ನನ್ನ ಬಳಿಗೇ ತಂದಿದ್ದರು. ನನಗೆ ಬರುವುದಿಲ್ಲ ಎಂದು ಸುಳ್ಳು ಹೇಳಿದೆ. ಬೇರೆ ಯಾರೋ ಹಾಕಿದರಂತೆ.

ಕಾರು ರಸ್ತೆಯಲ್ಲಿದ್ದಷ್ಟೇ ದಿನ ನನ್ನ ಗ್ಯಾರೇಜಿನಲ್ಲೂ ಇರುತ್ತಿದ್ದುದರಿಂದ ಸಿಸ್ಟರ್ ಜನರಿಗೆ ತಮ್ಮ ನಂಬರಿನ ಜೊತೆ ನನ್ನದನ್ನೂ ಕೊಡುತ್ತಿದ್ದರು. ಮೊನ್ನೆ ಸೋಮವಾರ ಒಂದು ಫೋನು ಬಂತು. ಗಂಡಸಿನ ದನಿ, ಹಿಂದೆ ಆಸ್ಪತ್ರೆಯ ಗದ್ದಲ.

"ಸಿಸ್ಟರ್ ಕಾರಿನೋರಾ? ನಮ್ಮ ಅವ್ವಂಗೆ ಸೊಂಟದ ಆಪರೇಷನ್ ಆಗೈತೆ. ಶುಕ್ರವಾರ ಬಿಡ್ತಾರಂತೆ. ಸಿಸ್ಟರಿಗೆ ಒಂದು ಮಾತು ಹೇಳ್ರಿ."

"ಸಿಸ್ಟರ್ ಇಲ್ಲಾರೀ" ಅಂದೆ.

"ಊರಿಗೆ ಹೋಗಿದಾರೇನ್ರಿ? ಪರವಾಗಿಲ್ಲ, ಶುಕ್ರವಾರದ ತನಕ ಟೈಮ್ ಐತೆ."

ಆಗ ಬಿಡಿಸಿ ಹೇಳಬೇಕಾಯಿತು. ಹೇಳಿದೆ. ಆಮೇಲೆ ಆತ, "ಹಂಗಾದ್ರೆ ಅವ್ವನ್ನ ಹೆಂಗ್ರಿ ಕರ್ಕೊಂಡು ಹೋಗೋದು?" ಎಂದು ಕೇಳಿದ, ನನ್ನನ್ನಲ್ಲ, ತನ್ನನ್ನೇ ಕೇಳಿಕೊಂಡ ಹಾಗೆ.

"ಬಸ್ಸಿನಲ್ಲಿ ಹಿಂದೆ ಕೂರಿಸಬೇಡ್ರಿ, ಎತ್ತಿ ಎತ್ತಿ ಹಾಕ್ತೈತೆ" ಅಂದೆ. "ನಡುವಿನ ಸೀಟು ಹಿಡೀರಿ. ಸೊಂಟದ ಕೆಳಗೆ ಕಂಬಳಿ ಮಡಚಿ ಇಡ್ರಿ. ಡ್ರೈವರಿಗೆ ಮೊದ್ಲೇ ಹೇಳ್ರಿ, ನಿಧಾನ ಹೋಗು ಅಂತ."

"ಹೇಳಿದ್ರೆ ಕೇಳ್ತಾರೇನ್ರಿ?" ಅಂದ.