ಬಾತುಕೋಳಿಯ ಬಾಯಲ್ಲಿ ಅಕ್ಕನ ಮಾತು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುತ್ತಿದ್ದ ಆಕೆಯನ್ನು ಜೊತೆಯವರು ಮೇಷ್ಟ್ರಮ್ಮ ಎಂದು ಕರೆಯುತ್ತಿದ್ದರು. ಓದಿದ್ದು ಏಳನೇ ತರಗತಿ. ಆದರೆ ಬುಧವಾರ ಸಂಜೆ ಟಿ.ವಿ.ಯಲ್ಲಿ ಬರುವ ವಿಜ್ಞಾನದ ಸಾಕ್ಷ್ಯಚಿತ್ರವನ್ನು ಒಂದು ವಾರವೂ ತಪ್ಪಿಸಿದವಳಲ್ಲ. ಮರುದಿನ ಬಿಸಿ ಹಬೆಯ ನಡುವೆ ಹಾಸಿಗೆ ಬಟ್ಟೆ ಮಡಿಸುವವರಿಗೆ ಅದರ ಕಥೆ ಹೇಳಲೇಬೇಕು.

ಮನಸ್ಸಿನ ಮಾತನ್ನು ಮಾತ್ರ ತಮ್ಮನಿಗೆ ಮೀಸಲಿಟ್ಟಿದ್ದಳು. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದ್ದು ಅವಳೇ. ಅವನೀಗ ಬೇರೆ ಊರಿನಲ್ಲಿ ನಗೆ ಕಾರ್ಟೂನೊಂದಕ್ಕೆ ಮಾತು ಬರೆಯುತ್ತಿದ್ದ. ಭಾನುವಾರ ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ, "ಅಕ್ಕಾ, ಈ ವಾರ ಏನ್ ನೋಡ್ದೆ?"

"ನಕ್ಷತ್ರ ಸತ್ತು ಎಷ್ಟೋ ವರ್ಷ ಆದ್ಮೇಲೂ ಬೆಳಕು ಬರ್ತಾನೇ ಇರುತ್ತಂತೆ ಕಣೋ. ಮನೆ ಖಾಲಿ ಮಾಡಿದೋರು ಲೈಟ್ ಆರಿಸೋದು ಮರೆತ ಹಾಗೆ."

ಅವನು ಬಿದ್ದು ಬಿದ್ದು ನಗುತ್ತಿದ್ದ.

"ನಿನ್ನ ಕಾರ್ಟೂನೂ ನೋಡ್ತೀನಪ್ಪ. ಬಂಡೆ ತಲೆ ಮೇಲೆ ಬಿದ್ರೂ ಆ ಪ್ರಾಣಿಗಳು ಎದ್ದು ಓಡ್ತಾವೆ. ಯಾರಿಗೂ ನೋವಾಗಲ್ಲ, ಅದಕ್ಕೇ ಇಷ್ಟ."

ಒಮ್ಮೆ ಆಕ್ಟೋಪಸ್ ವಿಷಯ ಬಂತು. ತಾಯಿ ಆಕ್ಟೋಪಸ್ ಏನೂ ತಿನ್ನದೆ ಮೊಟ್ಟೆ ಕಾಯುತ್ತದೆ, ಮರಿ ಹೊರಬರುವ ಹೊತ್ತಿಗೆ ತಾನೇ ಸಾಯುತ್ತದೆ ಎಂದು ವಿವರಿಸಿದಳು. "ಅದಕ್ಕೆ ಮೂರು ಹೃದಯ ಅಂತೆ. ನನ್ನ ಕೈಲಿ ಇರೋ ಒಂದನ್ನೇ ಕಾಪಾಡ್ಕೊಳ್ಳೋಕೆ ಆಗ್ಲಿಲ್ಲ," ಎಂದಳು. ಗಂಡ ಬಿಟ್ಟುಹೋಗಿ ಹನ್ನೊಂದು ವರ್ಷವಾಗಿತ್ತು. ಅಷ್ಟು ದಿನವೂ ಅವಳು ಯಾರ ಮುಂದೆಯೂ ಆ ಮಾತು ಎತ್ತಿರಲಿಲ್ಲ. ತಮ್ಮನೂ ಅಂದು ನಗಲಿಲ್ಲ.

ಏಳೆಂಟು ತಿಂಗಳು ಕಳೆದವು. ಊಟದ ಬಿಡುವಿನಲ್ಲಿ ಕೆಲಸದವರೆಲ್ಲ ಕಾರ್ಟೂನ್ ನೋಡುತ್ತಿದ್ದಾಗ ಹೊಸ ಪಾತ್ರವೊಂದು ಬಂತು. ಇಸ್ತ್ರಿ ಪೆಟ್ಟಿಗೆ ಹಿಡಿದ ದಪ್ಪ ಬಾತುಕೋಳಿ. ಕುಂಡೆ ಕುಣಿಸುತ್ತ ಟಿ.ವಿ. ಮುಂದೆ ಕೂತು ಅದು ಹೇಳಿತು: "ಮೂರು ಹೃದಯ ಅಂತೆ. ನನ್ನ ಕೈಲಿ ಇರೋ ಒಂದನ್ನೇ ಕಾಪಾಡ್ಕೊಳ್ಳೋಕೆ ಆಗ್ಲಿಲ್ಲ."

ಕೋಣೆಯೆಲ್ಲ ನಗು. "ಥೇಟ್ ನಮ್ಮ ಮೇಷ್ಟ್ರಮ್ಮನೇ," ಎಂದಳು ಪಕ್ಕದಲ್ಲಿ ಕೂತಿದ್ದ ಬಟ್ಟೆ ಮಡಿಸುವವಳು, ಕಣ್ಣೀರು ಒರೆಸಿಕೊಳ್ಳುತ್ತ. ಎಲ್ಲರ ಜೊತೆ ಮೇಷ್ಟ್ರಮ್ಮನೂ ನಕ್ಕಳು. ಆಮೇಲೆ ಊಟ ಅರ್ಧಕ್ಕೇ ಬಿಟ್ಟು ಡಬ್ಬಿ ಮುಚ್ಚಿ ಎದ್ದುಹೋದಳು.

ಭಾನುವಾರದವರೆಗೆ ಕಾಯದೆ ಅಂದು ಸಂಜೆಯೇ ತಾನಾಗಿ ಫೋನ್ ಮಾಡಿದಳು.

"ಬಾತುಕೋಳಿ ನೋಡ್ದ್ಯಾ ಅಕ್ಕಾ? ಎಲ್ರಿಗೂ ಹಿಡಿಸಿಬಿಟ್ಟಿದೆ," ಎಂದ ತಮ್ಮ.

"ನಾನು ಹೇಳಿದ್ದು ನಿಂಗೆ ಕಣೋ. ಊರಿಗಲ್ಲ."

"ಪ್ರೀತಿಯಿಂದ ಬರೆದಿದ್ದು ಅಕ್ಕಾ. ನೀನೇ ಅಂತ ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಲ್ಲ. ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ," ಎಂದ ಅವನು.

ಅಲ್ಲಿಯವರೆಗೆ ಅವಳು, ಹುಡುಗ ಬುದ್ಧಿ, ತಿಳಿಯದೆ ಮಾಡಿದ್ದಾನೆ ಎಂದುಕೊಂಡಿದ್ದಳು. ತಿಳಿದೇ ಮಾಡಿದ್ದ. ಫೋನ್ ಇಟ್ಟಳು.

ಜಗಳವೇನೂ ಆಗಲಿಲ್ಲ. ಸಾಕ್ಷ್ಯಚಿತ್ರ ನೋಡುವುದನ್ನೂ ಅವಳು ಬಿಡಲಿಲ್ಲ. ತಿಮಿಂಗಿಲ, ಜ್ವಾಲಾಮುಖಿ ಎಲ್ಲ ಬಂದುಹೋದವು. ತಮ್ಮನೂ ವಾರ ತಪ್ಪದೆ ಫೋನ್ ಮಾಡುತ್ತಾನೆ.

"ನೋಡ್ದ್ಯಾ ಅಕ್ಕಾ?"

"ನೋಡ್ದೆ."

"ಏನನ್ನಿಸ್ತು?"

"ಚೆನ್ನಾಗಿತ್ತು," ಎನ್ನುತ್ತಾಳೆ. ಅಷ್ಟೇ.